ಹಗ್ಗದ ಒಂದು ತುದಿ ನಮ್ಮ ಕೈಯಲ್ಲೂ ಇದೆ

ಸಕಲೇಶಪುರದ ಓದುಗರೊಬ್ಬರು ಬರೆದಿದ್ದಾರೆ: "ಗಲ್ಲು ಶಿಕ್ಷೆ ಬಗ್ಗೆ ನೀವ್ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ತೀರ್ಪು ಕೊಡುವವರು ಜಡ್ಜು, ನೇಣು ಹಾಕುವವರು ಜೈಲಿನವರು. ನಮಗೇನು ಸಂಬಂಧ? ಮಗಳನ್ನು ಕಳೆದುಕೊಂಡ ತಾಯಿಯನ್ನು ನೆನೆಸಿಕೊಳ್ಳಿ."

ತಾಯಿಯ ಮಾತು ಒಪ್ಪಿದೆ. ಆಕೆ ಗಲ್ಲೇ ಬೇಕು ಅಂದರೆ ಎದುರು ಮಾತಾಡುವ ಬಾಯಿ ನನಗಿಲ್ಲ. ಆದರೆ 'ನಮಗೇನು ಸಂಬಂಧ' ಅಂದಿರಲ್ಲ ಸ್ವಾಮಿ, ಓದುವ ಅಭ್ಯಾಸ ಇರುವ ನಿಮ್ಮಂಥವರೇ ಹೀಗಂದರೆ ಹೇಗೆ? ಕೇಸು ನಡೆಯುವುದೇ ರಾಜ್ಯದ ಹೆಸರಿನಲ್ಲಿ, ಅಂದರೆ ನಮ್ಮೆಲ್ಲರ ಪರವಾಗಿ. ನೇಣಿಗೆ ಮೊದಲು ಕೈದಿಗಿಂತ ಭಾರದ ಮರಳಿನ ಮೂಟೆ ಕಟ್ಟಿ, ಹಗ್ಗ ತಡೆಯುತ್ತದಾ ಅಂತ ನೋಡುತ್ತಾರೆ. ಆಮೇಲೆ ಮುಖಕ್ಕೆ ಬಟ್ಟೆ. ಅರ್ಧ ಗಂಟೆ ದೇಹ ಅಲ್ಲೇ ತೂಗುತ್ತಿರುತ್ತದೆ, ವೈದ್ಯರು ನೋಡಿ ಸತ್ತಿದ್ದಾನೆ ಅನ್ನಬೇಕು. ಇದಕ್ಕೆಲ್ಲ ದುಡ್ಡು ನಿಮ್ಮ ನನ್ನ ತೆರಿಗೆಯದು.

'ಅಪರೂಪದಲ್ಲಿ ಅಪರೂಪ'ದ ಕೇಸಿಗೆ ಮಾತ್ರ ಗಲ್ಲು ಅಂತ 1980ರಲ್ಲೇ ಬಚನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ಎಚ್ಚರದ ಮೇಲೂ ಏನಾಯಿತು ನೋಡಿ. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನಕ್ಕೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಅಂತು. 2019ರಲ್ಲಿ ಅದೇ ಕೋರ್ಟು ಆರೂ ಜನರನ್ನು ನಿರ್ದೋಷಿಗಳು ಅಂತ ಬಿಟ್ಟು, ತಲಾ 5 ಲಕ್ಷ ಪರಿಹಾರ ಕೊಡಿ ಅಂತು. ನಡುವೆ ನೇಣು ಹಾಕಿಬಿಟ್ಟಿದ್ದರೆ ಆ ದುಡ್ಡನ್ನು ಯಾರ ಕೈಗಿಡುತ್ತಿದ್ದೆವು?

ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಾಹುಬಲಿಯ ಎತ್ತರ ಎಷ್ಟು ಅಂತ ಹೇಳಿಕೊಡುತ್ತೇವೆ, 58 ಅಡಿ. ಗೆದ್ದು ಅಣ್ಣನನ್ನು ಮೇಲೆತ್ತಿದವನು ನೆಲಕ್ಕೆ ಅಪ್ಪಳಿಸದೆ ಮೆಲ್ಲಗೆ ಇಳಿಸಿದ ಅನ್ನುವ ಕಥೆ ಹೇಳುವುದೇ ಇಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಎಲ್ಲೋ ಒಂದು ಕೊಲೆಯಾದ ಮಾರನೇ ದಿನ ಹಾಸನದ ಎನ್.ಆರ್. ಸರ್ಕಲ್ಲಿನಲ್ಲಿ 'ಗಲ್ಲಿಗೇರಿಸಿ' ಅಂತ ಕೂಗೋಕೆ ಜನ ಜಾಸ್ತಿ ಸೇರುತ್ತಾರೆ, ಆರೋಪಿ ಪರ ಯಾವ ವಕೀಲರೂ ನಿಲ್ಲಬಾರದು ಅನ್ನುತ್ತಾರೆ. ಅದೇ ಜನರಲ್ಲಿ ಕಣ್ಣಾರೆ ಕಂಡವರನ್ನು ಸಾಕ್ಷಿ ಹೇಳಿ ಬನ್ನಿ ಅಂತ ಕರೆಯಿರಿ. 'ನಮಗ್ಯಾಕೆ ಸಾರ್ ಕೋರ್ಟು ಕಚೇರಿ, ಸುಮ್ನೆ ಅಲೆದಾಟ' ಅನ್ನುತ್ತಾರೆ. ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋದಾಗ ಆ ತಾಯಿಗೆ ಅನ್ಯಾಯ ಮಾಡಿದವರು ಯಾರು, ಜಡ್ಜಾ? ಬಡ ಆರೋಪಿಗೆ ಒಳ್ಳೆಯ ವಕೀಲ ಸಿಗದೆ ತಪ್ಪು ಮನುಷ್ಯ ಗಲ್ಲಿನ ಕೋಣೆ ಸೇರಿದರೆ ಅದೂ ನಮ್ಮದೇ ಕೆಲಸ ಅಲ್ವಾ?

ನೀವು ಮತ್ತೆ ಬರೆಯಿರಿ. ಸಾಕ್ಷಿ ಕಟ್ಟೆ ಹತ್ತಲು ನೀವು ತಯಾರಿದ್ದೀರಾ ಅನ್ನುವುದನ್ನೂ ಸೇರಿಸಿ ಬರೆಯಿರಿ, ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.

– ಸಂಪಾದಕ