ಐದು ಸೆಂಟಿನ ಜಗಳ, ಮೇಯರ್ ಕುರ್ಚಿ

ಪ್ರಶ್ನೆ: ಮಗಳ ಮನೆಗೆ ಹೋಗಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದ ಸಮುದ್ರದಂಚಿನಲ್ಲಿ ಪಾಳುಬಿದ್ದ ಕಾಂಕ್ರೀಟ್ ಗೋಡೆಗಳನ್ನು ನೋಡಿದೆ. ‘ಸೂಟ್ರೋ ಬಾತ್ಸ್’ ಅಂತ ಬೋರ್ಡಿತ್ತು. ಈ ಸೂಟ್ರೋ ಜರ್ಮನಿಯಿಂದ ಬಂದವನಂತೆ, ಊರಿಗೇ ಮೇಯರ್ ಆಗಿದ್ದನಂತೆ. ಟ್ರಾಮ್ ಟಿಕೆಟ್ಟಿನ ಜಗಳದಿಂದಲೇ ಗೆದ್ದ ಅನ್ನುತ್ತಾರೆ ನಮ್ಮ ಅಳಿಯ. ನಂಬಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಒಂದು ವಿಷಯದಲ್ಲಿ ಅಳಿಯನನ್ನು ಧಾರಾಳವಾಗಿ ನಂಬಿ. ಟ್ರಾಮ್ ಅಲ್ಲ, ಪುಟ್ಟ ಉಗಿರೈಲು ಅನ್ನುವುದಷ್ಟೇ ತಿದ್ದುಪಡಿ.

ಅಡಾಲ್ಫ್ ಸೂಟ್ರೋ ಹುಟ್ಟಿದ್ದು 1830ರಲ್ಲಿ, ಜರ್ಮನಿಯ ಆಹೆನ್ ಊರಿನ ಯಹೂದಿ ಮನೆಯಲ್ಲಿ. ಅಪ್ಪನದು ಬಟ್ಟೆ ಕಾರ್ಖಾನೆ. ಅಪ್ಪ ತೀರಿಕೊಂಡರು, ಹಿಂದೆಯೇ 1848ರ ದಂಗೆ ಬಂತು, ವ್ಯಾಪಾರ ಕುಸಿಯಿತು. ಇಪ್ಪತ್ತರ ಹುಡುಗ ಹಡಗು ಹತ್ತಿದ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲರೂ ಚಿನ್ನ ಅಗೆಯುತ್ತಿದ್ದರೆ ಇವನು ಅವರಿಗೆ ತಂಬಾಕು ಮಾರುತ್ತ ಕೂತ. ಜಾಣತನ ಅಂದರೆ ಇದು, ಅಲ್ವಾ?

ದುಡ್ಡು ಮಾಡಿದ್ದು ಮಾತ್ರ ಸುರಂಗದಿಂದ. ನೆವಾಡಾದ ಕಾಮ್‌ಸ್ಟಾಕ್ ಬೆಳ್ಳಿ ಗಣಿಗಳ ತಳದಲ್ಲಿ ಬಿಸಿನೀರು ತುಂಬುತ್ತಿತ್ತು, ಉಸಿರಾಡಲು ಗಾಳಿ ಇರಲಿಲ್ಲ. ಬೆಟ್ಟದ ಬುಡದಿಂದ ಸುರಂಗ ಕೊರೆದು ನೀರನ್ನು ಹೊರಗೆ ಹರಿಸೋಣ ಅಂದ. ಗಣಿಗಳನ್ನು ಕೈಯಲ್ಲಿಟ್ಟುಕೊಂಡಿದ್ದ ಬ್ಯಾಂಕಿನವರು ಅಡ್ಡ ನಿಂತರು. 1869ರಲ್ಲಿ ಯೆಲ್ಲೋ ಜಾಕೆಟ್ ಗಣಿಗೆ ಬೆಂಕಿ ಬಿದ್ದು ಮೂವತ್ತಕ್ಕೂ ಜಾಸ್ತಿ ಜನ ಸತ್ತರು. ಸುರಂಗ ಇದ್ದಿದ್ದರೆ ಇವರು ಬದುಕುತ್ತಿದ್ದರು ಅಂತ ಸೂಟ್ರೋ ಸಾರಿಕೊಂಡು ಓಡಾಡಿದ. ಗಣಿ ಕಾರ್ಮಿಕರ ಸಂಘವೇ 50,000 ಡಾಲರ್ ಹಾಕಿತು. ಸುಮಾರು ನಾಲ್ಕು ಮೈಲಿಯ ಸುರಂಗ ಗಣಿಯನ್ನು ಮುಟ್ಟಿದ್ದು 1878ರಲ್ಲಿ. ಅಷ್ಟರಲ್ಲಿ ಬೆಳ್ಳಿ ಬರಿದಾಗುತ್ತ ಬಂದಿತ್ತು. ಇವನು ಷೇರು ಮಾರಿ, ಬಂದ ದುಡ್ಡಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮರಳುದಿಬ್ಬಗಳನ್ನು ಕೊಂಡ. ಊರಿನ ಹನ್ನೆರಡರಲ್ಲಿ ಒಂದು ಪಾಲು ಇವನದೇ ಆಯಿತಂತೆ! ಬೋಳುಗುಡ್ಡಕ್ಕೆ ನೀಲಗಿರಿ ಮರ ನೆಡಿಸಿದ. ಸಮುದ್ರದಂಚಿನ ಎತ್ತರದಲ್ಲಿದ್ದ ತನ್ನ ಮನೆಯ ತೋಟವನ್ನು ಜನರಿಗೆ ತೆರೆದಿಟ್ಟ.

ಜಗಳ ಶುರುವಾಗಿದ್ದೇ ಇಲ್ಲಿ. ತನ್ನ ಜಾಗದ ಮೇಲೆ ರೈಲು ಹಾದುಹೋಗಲು ಸೂಟ್ರೋ ಒಂದು ಷರತ್ತು ಹಾಕಿದ್ದ: ಊರಿನಿಂದ ಸಮುದ್ರದವರೆಗೆ ಟಿಕೆಟ್ ಐದೇ ಸೆಂಟು. 1893ರಲ್ಲಿ ಆ ರೈಲು ಸದರ್ನ್ ಪೆಸಿಫಿಕ್ ಕಂಪನಿಯ ಕೈಗೆ ಹೋಯಿತು. ಜನರ ಬಾಯಲ್ಲಿ ಆ ಕಂಪನಿಗೆ ‘ಆಕ್ಟೋಪಸ್’ ಅಂತಲೇ ಹೆಸರು. ಬಂಡಿ ಬದಲಿಸುವ ಕಡೆ ಇನ್ನೊಂದು ಐದು ಸೆಂಟು ಕೊಡಿ ಅಂದರು. ಲೆಕ್ಕ ಹಾಕಿ ನೋಡಿ. ಗಂಡ ಹೆಂಡತಿ, ಮೂರು ಮಕ್ಕಳು, ಹೋಗಿ ಬರುವುದಕ್ಕೆ ಅರ್ಧ ಡಾಲರ್ ಇದ್ದದ್ದು ಒಂದು ಡಾಲರ್ ಆಯಿತು. ಸೂಟ್ರೋ ರೇಗಿಹೋದ. ತೋಟಕ್ಕೆ ಬೇಲಿ ಹಾಕಿಸಿ, ಆ ರೈಲಿನಲ್ಲಿ ಬಂದವರು 25 ಸೆಂಟು ತೆತ್ತು ಒಳಗೆ ಬರಲಿ ಅಂದ. ಆಮೇಲೆ ಐದು ಸೆಂಟಿಗೇ ಓಡುವ ವಿದ್ಯುತ್ ಟ್ರಾಮನ್ನು ತಾನೇ ಹಾಕಿಸಿದ. (ನಿಮ್ಮ ಅಳಿಯನಿಗೆ ಟ್ರಾಮ್ ನೆನಪಿರುವುದು ಇದರಿಂದಲೇ ಇರಬೇಕು.)

ಈ ಜಗಳ ನೋಡಿಯೇ 1894ರಲ್ಲಿ ರೈತ ಕಾರ್ಮಿಕರ ಪಾಪ್ಯುಲಿಸ್ಟ್ ಪಕ್ಷ ಇವನನ್ನು ಮೇಯರ್ ಚುನಾವಣೆಗೆ ನಿಲ್ಲಿಸಿತು. ಕೋಟ್ಯಧೀಶ ಬಡವರ ಪಕ್ಷದಿಂದ ನಿಂತ, ಗೆದ್ದೂ ಗೆದ್ದ.

ಆದರೆ ಎರಡು ವರ್ಷದ ಅಧಿಕಾರ ಸಪ್ಪೆ. ಆಗಿನ ಮೇಯರ್ ಕೈಯಲ್ಲಿ ಹೆಚ್ಚು ಅಧಿಕಾರ ಇರಲಿಲ್ಲ. ಹನ್ನೆರಡು ಜನ ಸೂಪರ್‌ವೈಸರ್‌ಗಳು, ಅಂದರೆ ನಮ್ಮ ಕಾರ್ಪೊರೇಟರ್‌ಗಳಿದ್ದ ಹಾಗೆ, ಒಪ್ಪಿದರೆ ಮಾತ್ರ ಕೆಲಸ. ಸುರಂಗದಲ್ಲಿ ಇವನು ಹೇಳಿದ್ದೇ ಮಾತು. ಇಲ್ಲಿ ಹನ್ನೆರಡು ಜನರ ಗಡ್ಡ ಹಿಡಿಯಬೇಕು. ಅದು ಇವನಿಗೆ ಬರುತ್ತಿರಲಿಲ್ಲ. ರೈಲು ಕಂಪನಿಯವರು ಸರ್ಕಾರಕ್ಕೆ ಕೊಡಬೇಕಾದ ಹಳೇ ಸಾಲವನ್ನು ದಶಕಗಳ ಕಾಲ ಮುಂದೂಡುವ ಮಸೂದೆಯ ವಿರುದ್ಧ ಮಾತ್ರ ಬಿಡದೆ ಕೂಗಾಡಿದ. 1897ರ ಜನವರಿಯಲ್ಲಿ ಆ ಮಸೂದೆ ಬಿದ್ದುಹೋಯಿತು. ಅದೇ ತಿಂಗಳು ಇವನೂ ಕುರ್ಚಿ ಬಿಟ್ಟ.

ನೀವು ನೋಡಿದ ಸ್ನಾನಗೃಹ ತೆರೆದದ್ದು ಮೇಯರ್ ಆಗಿದ್ದಾಗಲೇ, 1896ರಲ್ಲಿ. ಗಾಜಿನ ಸೂರಿನ ಕೆಳಗೆ ಏಳು ಕೊಳ, ಆರರಲ್ಲಿ ಸಮುದ್ರದ ನೀರು. ಒಳಗೆ ಹೋಗಲು ಹತ್ತು ಸೆಂಟು, ಈಜಲು 25. ಇಲ್ಲಿ ನನಗೆ ಹಿಡಿಸದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. 1897ರ ಜುಲೈನಲ್ಲಿ ಜಾನ್ ಹ್ಯಾರಿಸ್ ಎಂಬ ಕಪ್ಪು ಮನುಷ್ಯ ಈಜಲು ಹೋದರೆ ಕೊಳಕ್ಕಿಳಿಯಲು ಬಿಡಲಿಲ್ಲ. ಹಾಗೆ ತಡೆಯಬಾರದು ಅಂತ ರಾಜ್ಯದಲ್ಲಿ ಆಗಷ್ಟೇ ಕಾನೂನು ಬಂದಿತ್ತು. ಹ್ಯಾರಿಸ್ ಕೋರ್ಟಿಗೆ ಹೋಗಿ ಗೆದ್ದ. ಬಡವರ ಐದು ಸೆಂಟಿಗಾಗಿ ಬೇಲಿ ಹಾಕಿಸಿದವನ ಕೊಳ ಅದು.

ಮರುವರ್ಷ ಆಗಸ್ಟಿನಲ್ಲಿ ಸೂಟ್ರೋ ತೀರಿಕೊಂಡ. ಕೂಡಿಟ್ಟಿದ್ದ ಲಕ್ಷಗಟ್ಟಲೆ ಪುಸ್ತಕಗಳಲ್ಲಿ ಅರ್ಧದಷ್ಟು 1906ರ ಭೂಕಂಪದ ಬೆಂಕಿಗೆ ಹೋದವು. ಸ್ನಾನಗೃಹ 1966ರಲ್ಲಿ ಸುಟ್ಟಿತು. ಮುಂದಿನ ಸಲ ಹೋದಾಗ ಗೋಡೆ ನೋಡಿ ವಾಪಸಾಗಬೇಡಿ, ರಸ್ತೆ ದಾಟಿ ಮೇಲೆ ಹತ್ತಿ. ಅವನ ತೋಟ ಈಗ ಪಾರ್ಕು, ಟಿಕೆಟ್ ಇಲ್ಲ. ಊರೊಳಗಿಂದ 38ನೇ ನಂಬರ್ ಬಸ್ ಹೋಗುತ್ತದೆ. ಬಸ್ ಚಾರ್ಜ್ ಅಳಿಯನೇ ಕೊಡಲಿ.