ಕೀಲೇಟಿಂಗ್ ಏಜೆಂಟ್ ಗಟ್ಟಿ ಖನಿಜದ ಹರಳನ್ನು ಕರಗಿಸುದು ಹೇಗೆ?

ಇಡಿಟಿಎ ಒಂದು ಕೀಲೇಟಿಂಗ್ ಏಜೆಂಟ್, ಅಂದ್ರೆ ಒಂದೇ ಲೋಹವನ್ನು ಒಂದಕ್ಕಿಂತ ಹೆಚ್ಚು ಕಡೆಯಿಂದ ಹಿಡಿಯುವ ಅಣು; ಅದು ಅಂಥ ಜೋರಿನ ಆಸಿಡ್ ಏನಲ್ಲ, ಮತ್ತೆ ಕಲ್ಲಿನಂಥ ಹರಳು ಅದಕ್ಕೆ ಹೇಗೆ ಕರಗ್ತದೆ ಅಂತ ಕೇಳಿದ್ದೀರಿ. ನಾನು ಕೆಮಿಸ್ಟ್ರಿ ಓದಿದವ, ಆದ್ರೆ ಇದು ನನಗೆ ಸರಿಯಾಗಿ ತಲೆಗೆ ಹೋದದ್ದು ಮನೆಯ ಬಾತ್‌ರೂಮಲ್ಲಿ.

ನಮ್ಮದು ಕಾಸರಗೋಡಿನ ಬದಿಯಡ್ಕ ಹತ್ರ, ಮುರಕಲ್ಲಿನ ಗುಡ್ಡೆ, ಬೋರ್‌ವೆಲ್ ನೀರಲ್ಲಿ ಕಬ್ಬಿಣ ಉಂಟು, ಬರುವಾಗ ತಿಳಿಯಾಗಿರ್ತದೆ, ಗಾಳಿ ತಾಗಿದ ಮೇಲೆ ಕೆಂಪಾಗಿ ನೆಲಕ್ಕೆ ಹಿಡೀತದೆ, ಸೋಪಿಗೆಲ್ಲ ಅದು ಹೋಗ್ಲಿಕ್ಕಿಲ್ಲ. ಅಮ್ಮ ಬಿಂಬುಳಿ (ತುಂಬ ಹುಳಿ ಇರುವ ಒಂದು ಕಾಯಿ) ಜಜ್ಜಿ ಉಜ್ಜಿ ಸ್ವಲ್ಪ ಹೊತ್ತು ಬಿಡ್ತಾರೆ, ಕಲೆ ಬಿಟ್ಟು ಬರ್ತದೆ. ಹುಳಿ ಅಲ್ವಾ ಅದಕ್ಕೆ ಅಂತ ಗ್ರಹಿಸಿದ್ದೆ. ಹುಳಿ ಸಹಾಯ ಮಾಡ್ತದೆ ನಿಜ, ಆದ್ರೆ ಮುಖ್ಯ ಕೆಲಸ ಬಿಂಬುಳಿಯಲ್ಲಿ ತುಂಬ ಇರುವ ಆಕ್ಸಲೇಟಿನದ್ದು, ಅದೂ ಕೀಲೇಟಿಂಗ್ ಏಜೆಂಟೇ.

ಆ ಕೆಂಪು ಕಲೆ ಅಂದ್ರೆ ತುಕ್ಕು. ತುಕ್ಕಿನ ಹರಳಲ್ಲಿ ಒಂದೊಂದು ಕಬ್ಬಿಣದ ಅಯಾನನ್ನು (ವಿದ್ಯುತ್ ಆವೇಶ ಇರುವ ಪರಮಾಣುವನ್ನು) ಸುತ್ತ ಆರು ಆಕ್ಸಿಜನ್ ಹಿಡ್ಕೊಂಡಿರ್ತವೆ. ಒಳಗಿನದ್ದಕ್ಕೆ ಆರು ಕಡೆಯೂ ಹರಳಿನದ್ದೇ ಹಿಡಿತ, ಮೇಲ್ಮೈಯದ್ದಕ್ಕೆ ಒಂದೆರಡು ಕಡೆ ಬರೀ ನೀರು. ಆಕ್ಸಲೇಟ್ ಬಂದು ಆ ನೀರನ್ನು ಸರಿಸಿ ಒಂದೇ ಕಬ್ಬಿಣವನ್ನು ಎರಡು ಕೈಯಲ್ಲಿ ಹಿಡೀತದೆ, ಐದು ಪರಮಾಣುಗಳ ಉಂಗುರ ಆಗ್ತದೆ. ಹಾಗೆ ಹಿಡಿಯುವಾಗ ಅದು ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡ್ತದಲ್ಲ, ಅದರಿಂದ ಹಿಂದಿನ ಹಿಡಿತ, ಅಂದ್ರೆ ಹರಳಿನ ಕಡೆಯದ್ದು, ಸಡಿಲ ಆಗ್ತದೆ. ಆಮೇಲೆ ಆ ಅಯಾನು ನಿಧಾನಕ್ಕೆ ಕಿತ್ತು ಬರ್ತದೆ. ಅದೂ ಎಲ್ಲ ಕಡೆಯಿಂದ ಒಂದೇ ಸಮ ಅಲ್ಲ, ಮುರಕಲ್ಲಿನ ಕೋರೆಯಲ್ಲಿ ಪಕ್ಕದ ಕಲ್ಲು ಎದ್ದ ಮೂಲೆಯಿಂದ ಮುಂದಿನ ಕಲ್ಲು ಸಲೀಸಾಗಿ ಏಳ್ತದೆ, ಹರಳಿನಲ್ಲೂ ಅಂಚು ಮೂಲೆಗಳೇ ಮೊದಲು ಹೋಗುದು.

ತುಂಬ ಕಡೆ ಬರೀತಾರೆ, ಕೀಲೇಟಿಂಗ್ ಏಜೆಂಟ್ ನೀರಿಗೆ ಬಂದ ಲೋಹವನ್ನು ಕಟ್ಟಿಹಾಕ್ತದೆ, ಅದಕ್ಕೇ ಇನ್ನಷ್ಟು ಕರಗ್ತದೆ ಅಂತ. ತಪ್ಪಲ್ಲ, ಆದ್ರೆ ಅರ್ಧ ಕಥೆ. 1986ರಲ್ಲಿ ಫುರರ್ ಮತ್ತೆ ಸ್ಟುಮ್ ಅನ್ನುವ ವಿಜ್ಞಾನಿಗಳು ಅಲ್ಯೂಮಿನಿಯಂ ಆಕ್ಸೈಡ್ ಮೇಲೆ ತೋರಿಸಿಕೊಟ್ರು, ಕರಗುವ ವೇಗ ಇರುದು ಮೇಲ್ಮೈಗೆ ಕೀಲೇಟಿಂಗ್ ಏಜೆಂಟಿನ ಎಷ್ಟು ಅಣು ಅಂಟಿದೆ ಅನ್ನುದರ ಮೇಲೆ ಅಂತ. ಹಾಗಾಗಿ ಮೇಲ್ಮೈ ಪೂರ್ತಿ ತುಂಬಿದ ಮೇಲೆ ಇನ್ನಷ್ಟು ಸುರಿದ್ರೂ ವೇಗ ಹೆಚ್ಚಾಗುದಿಲ್ಲ. ಅಂಟಿದ್ದೆಲ್ಲ ಕರಗಿಸ್ತದೆ ಅಂತಲೂ ಇಲ್ಲ, ಫಾಸ್ಫೇಟ್ ಎರಡು ಲೋಹಕ್ಕೆ ಒಟ್ಟಿಗೆ ಸೇತುವೆ ಹಾಕಿ ಕೂತ್ರೆ ಕರಗುದು ನಿಧಾನ ಆಗ್ತದೆ.

ಇಡಿಟಿಎಗೆ ಎರಡು ನೈಟ್ರೋಜನ್ ನಾಲ್ಕು ಆಕ್ಸಿಜನ್, ಒಟ್ಟು ಆರು ಕೈ. ಕೀಲೇಟ್ ಅನ್ನುವ ಹೆಸರೇ ಏಡಿಯ ಕೊಂಡಿಗಿರುವ ಗ್ರೀಕ್ ಪದದಿಂದ ಬಂದದ್ದು, 1920ರಲ್ಲಿ. ಕ್ಷಾರದ ನೀರಲ್ಲಿ ಆ ಕೈಗಳಿಂದ ಪ್ರೋಟಾನ್ ಬಿಟ್ಟು ಹೋಗಿ ಹಿಡೀಲಿಕ್ಕೆ ಖಾಲಿ ಆಗ್ತವೆ, ಅದಕ್ಕೇ ಆಸಿಡ್ ಇಲ್ಲದೆಯೂ ಕ್ಯಾಲ್ಸಿಯಂ ಪದರ ತೆಗೀಲಿಕ್ಕೆ ಆಗುದು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೇ.

ಆದ್ರೆ ಯಾವ ಲೋಹ ಅಂತ ನೋಡ್ಲೇಬೇಕು. ಕಬ್ಬಿಣವನ್ನು ಕರಗಿಸುವ ಅದೇ ಆಕ್ಸಲೇಟ್ ಕ್ಯಾಲ್ಸಿಯಂ ಸಿಕ್ಕಿದ್ರೆ ಕರಗದ ಹೊಸ ಹರಳು ಮಾಡ್ತದೆ. ಹಾಗಾಗಿ ಮಾರ್ಬಲ್ ನೆಲಕ್ಕೆ ಬಿಂಬುಳಿ ಉಜ್ಜಬೇಡಿ, ಬಿಳಿ ಪದರ ಬರ್ತದೆ. ಬಿಂಬುಳಿ ಜ್ಯೂಸ್ ಮಾಡಿ ಲೋಟಗಟ್ಟಲೆ ಕುಡೀಲೇಬೇಡಿ, ಕೊಲೆಸ್ಟ್ರಾಲಿಗೆ ಒಳ್ಳೆದು ಅಂತ ಕುಡಿದು ಕಿಡ್ನಿಯಲ್ಲಿ ಇದೇ ಹರಳು ಕೂತು ಡಯಾಲಿಸಿಸ್ ವರೆಗೆ ಹೋದವರು ನಮ್ಮ ಕೇರಳದಲ್ಲೇ ಇದ್ದಾರೆ.