‘ನೀನು ಹೀಗೇ ಅಂತೀಯ ಅಂತ ಗುರುಗಳು ಮೊದಲೇ ಹೇಳಿದ್ರು’

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ತಾಯಿಯೊಬ್ಬರು ಬಂದಿದ್ದರು. 24 ವರ್ಷದ ಮಗಳು ಕೆಲಸ ಬಿಟ್ಟು ಒಂದು ಪಂಥ ಸೇರಿ ಎಂಟು ತಿಂಗಳಾಗಿತ್ತು. ಫೋನ್ ಮಾಡಿದರೆ ಸ್ಪೀಕರ್ ಆನ್ ಇರುತ್ತದೆ, ಪಕ್ಕದಲ್ಲಿ ಯಾರೋ ಉಸಿರಾಡುವುದು ಕೇಳಿಸುತ್ತದೆ ಅಂದರು. ಇವರು ಅತ್ತು ಕರೆದು, ಆ ಮನುಷ್ಯ ಮೋಸಗಾರ ಅಂದಾಗಲೆಲ್ಲ ಅವಳದು ಒಂದೇ ಉತ್ತರ: “ಅಮ್ಮ, ನೀನು ಹೀಗೇ ಅಂತೀಯ ಅಂತ ಗುರುಗಳು ಮೊದಲೇ ಹೇಳಿದ್ರು.” ಅಪ್ಪ ಮಾತು ಬಿಟ್ಟಿದ್ದರು. ಅವಳ ಸರ್ಟಿಫಿಕೇಟುಗಳನ್ನೆಲ್ಲ ಸುಟ್ಟುಹಾಕ್ತೀನಿ ಅಂತ ಕೂತಿದ್ದರು.

“ನಮ್ಮ ಹುಡುಗಿ ದಡ್ಡಿ ಅಲ್ಲ ಮೇಡಂ, ಹೇಗೆ ನಂಬಿದಳು?”

ದಡ್ಡರಷ್ಟೇ ಹೋಗ್ತಾರೆ ಅನ್ನೋದೇ ತಪ್ಪು. ನಾನು ಜೋನ್ಸ್‌ಟೌನ್ ವಿಷಯ ಹೇಳಿದೆ. 1950ರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಜಿಮ್ ಜೋನ್ಸ್ ಅನ್ನೋ ಪಾದ್ರಿ ಪೀಪಲ್ಸ್ ಟೆಂಪಲ್ ಅನ್ನೋ ಪಂಥ ಶುರು ಮಾಡಿದಾಗ ಅಲ್ಲಿ ಕಪ್ಪುಜನರೂ ಬಿಳಿಯರೂ ಒಟ್ಟಿಗೆ ಕೂರುತ್ತಿದ್ದರು, ಹಸಿದವರಿಗೆ ಊಟ ಹಾಕುತ್ತಿದ್ದರು. ಜನ ಸೇರಿದ್ದು ಆ ಒಳ್ಳೆಯದನ್ನು ನೋಡಿ. ಆಮೇಲೆ ಅವನು ಆಸ್ತಿ ಬರೆಸಿಕೊಂಡ, ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿನಲ್ಲಿ ಕಟ್ಟಿದ ಜೋನ್ಸ್‌ಟೌನ್‌ಗೆ ಕರೆದೊಯ್ದ, ಪಾಸ್‌ಪೋರ್ಟ್ ಇಸಕೊಂಡ, ಅವರು ಮನೆಗೆ ಬರೆದ ಕಾಗದಗಳನ್ನು ತನ್ನವರಿಂದ ಓದಿಸಿದ, ರಾತ್ರಿ ಎಬ್ಬಿಸಿ ಸಾಯುವ ತಾಲೀಮು ಮಾಡಿಸಿದ. 1978ರ ನವೆಂಬರ್ 18ರಂದು ಅಲ್ಲಿ 900ಕ್ಕೂ ಜಾಸ್ತಿ ಜನ ಸತ್ತರು, ಬಹುತೇಕ ಎಲ್ಲರೂ ವಿಷದಿಂದ. ಅವರಲ್ಲಿ ಸುಮಾರು 300 ಮಕ್ಕಳು. ಮಕ್ಕಳಿಗೇ ಮೊದಲು ಕೊಟ್ಟಿದ್ದು, ಸುತ್ತ ಬಂದೂಕು ಹಿಡಿದವರಿದ್ದರು. ಇದನ್ನು ಸಾಮೂಹಿಕ ಆತ್ಮಹತ್ಯೆ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಹಿಂದಿನ ದಿನವಷ್ಟೇ, ಅಲ್ಲಿ ಏನು ನಡೀತಿದೆ ಅಂತ ನೋಡಲು ಹೋಗಿದ್ದ ಅಮೆರಿಕದ ಸಂಸದ ಲಿಯೋ ರಯಾನ್ ಜೊತೆ ಬಂದಿದ್ದ ವರದಿಗಾರನ ಕೈಗೆ ಒಬ್ಬ ಚೀಟಿ ತುರುಕಿದ್ದ, ಇಲ್ಲಿಂದ ಹೊರಗೆ ಹೋಗೋಕೆ ಸಹಾಯ ಮಾಡಿ ಅಂತ. ಒಳಗಿದ್ದವರೆಲ್ಲ ಪೂರ್ತಿ ನಂಬಿದವರಲ್ಲ, ಅಲ್ವಾ? ಚೀಟಿ ಕೊಡೋಕೆ ಹೊರಗಿನವರು ಒಬ್ಬರು ಸಿಗಬೇಕಿತ್ತು. ನಿಮ್ಮ ಮಗಳಿಗೆ ಆ ಹೊರಗಿನವರು ನೀವೇ ಅಂದೆ.

ಅದಕ್ಕೇ ಗುರುವಿನ ಸುದ್ದಿ ಎತ್ತಲೇಬೇಡಿ, ನೀವು ಬೈದಷ್ಟೂ ಅವನು ಹೇಳಿದ್ದೇ ನಿಜವಾಗುತ್ತದೆ. ವಾರಕ್ಕೊಮ್ಮೆ, ಅದೇ ದಿನ ಅದೇ ಹೊತ್ತಿಗೆ ಫೋನ್ ಮಾಡಿ. ನಿದ್ದೆ ಬರ್ತಿದ್ಯಾ, ಹಲ್ಲುನೋವು ಹೋಯ್ತಾ ಅಂತ ಕೇಳಿ. ದುಡ್ಡು ಕಳಿಸಬೇಡಿ. ಯಾವಾಗ ಕರೆದರೂ ಬಂದು ಕರಕೊಂಡು ಹೋಗ್ತೀವಿ, ಯಾಕೆ ಏನು ಅಂತ ಕೇಳಲ್ಲ ಅಂತ ಹೇಳಿ, ಪಕ್ಕದವರು ಕೇಳಿಸಿಕೊಂಡರೂ ಪರವಾಗಿಲ್ಲ. ಹೊಡೆಯೋದು, ಕೂಡಿಹಾಕೋದು, ಸಾಯುವ ಮಾತು ಕಿವಿಗೆ ಬಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ಪೊಲೀಸರ ಹತ್ತಿರ ಹೋಗಿ. ಇನ್ನು ಸರ್ಟಿಫಿಕೇಟು ಸುಡೋದಂತೂ ಬೇಡವೇ ಬೇಡ, ಹೊರಗೆ ಬಂದವಳು ಬದುಕು ಕಟ್ಟಿಕೊಳ್ಳಬೇಕಲ್ಲ.

ಐದು ತಿಂಗಳಾದ ಮೇಲೆ ಅವರು ಫೋನ್ ಮಾಡಿದರು. ಆ ವಾರ ಸ್ಪೀಕರ್ ಆನ್ ಇರಲಿಲ್ಲವಂತೆ. ಮಗಳು ಪಿಸುದನಿಯಲ್ಲಿ ಕೇಳಿದಳಂತೆ: “ಅಮ್ಮ, ನನ್ನ ಸರ್ಟಿಫಿಕೇಟು ಇನ್ನೂ ಇದ್ಯಾ?” ಅಪ್ಪ ಅವನ್ನೆಲ್ಲ ಒಂದು ಫೈಲಿಗೆ ಹಾಕಿಟ್ಟಿದ್ದಾರೆ. ಮುಂದಿನ ವಾರದ ಫೋನಿಗೆ ಅವರ ಜೊತೆ ನಾನೂ ಕಾಯುತ್ತಿದ್ದೇನೆ.